ಕೇಕಿನ ಮೇಲೆ ಕಡು ಕೆಂಪು



ನಮ್ಮ ಕಡೆ ಈಗ ಕೇಕ್ ಇಲ್ಲದ ಸಮಾರಂಭವಿಲ್ಲ. ಕ್ರಿಸ್‌ಮಸ್ಸಿಗೆ ಕುಸ್ವಾರಿನ ತಟ್ಟೆಯಲ್ಲಿ ಒಂದು ತುಂಡು ಕೇಕ್ ಇಡುತ್ತಿದ್ದ ಕಾಲ ಹೋಗಿ, ಮಗುವಿನ ಮೊದಲ ಹುಟ್ಟುಹಬ್ಬ, ಪ್ರಥಮ ಪರಮಪ್ರಸಾದ, ಮದುವೆ, ಮದುವೆಯ ಬೆಳ್ಳಿಹಬ್ಬ ಎಲ್ಲದಕ್ಕೂ ಐಸಿಂಗ್ ಮಾಡಿದ ಕೇಕೇ ಬೇಕಾಗಿದೆ. ಬೇಳ, ಕಯ್ಯಾರು, ಮಂಜೇಶ್ವರ, ಕಾಸರಗೋಡು ಎಲ್ಲಿ ನೋಡಿದರೂ ಮನೆಯಲ್ಲೇ ಕೇಕ್ ತಯಾರಿಸುವ ಸಹೋದರಿಯರಿದ್ದಾರೆ. ಕೆಲವರಿಗೆ ಅದು ಹವ್ಯಾಸ, ಕೆಲವರಿಗೆ ಸಂಸಾರಕ್ಕೆ ಆಧಾರ. ಅವರೆಲ್ಲರನ್ನೂ ಕಾಡುವ ಒಂದು ಬಣ್ಣವಿದೆ. ಹಳದಿ ಬರುತ್ತದೆ, ಹಸಿರು ಬರುತ್ತದೆ, ನೀಲಿ ಬರುತ್ತದೆ. ಆದರೆ ಕೆಂಪು ಬರುವುದಿಲ್ಲ. ಎಷ್ಟು ಹನಿ ಹಾಕಿದರೂ ಗುಲಾಬಿ ಬಣ್ಣವೇ. ಇನ್ನೂ ಹಾಕಿದರೆ ಕೆಂಪು ಬಂದೀತು, ಬಾಯಿಗಿಟ್ಟರೆ ಕಹಿ. ಕೇಕ್ ತಿಂದ ಮಕ್ಕಳ ನಾಲಿಗೆ, ತುಟಿ, ಹಲ್ಲು ಎಲ್ಲ ಕೆಂಪು.

ಆದ್ದರಿಂದ ಈ ಸಲದ ಅಂಕಣದಲ್ಲಿ ಐಸಿಂಗಿನ ಕಡು ಕೆಂಪನ್ನೇ ಎತ್ತಿಕೊಂಡಿದ್ದೇವೆ. ಅದನ್ನು ಪಡೆಯುವ ಕ್ರಮವೇನು, ಎಷ್ಟರ ಮಟ್ಟಿಗೆ ಪಡೆಯಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಮೂರು ಮಾತುಗಳನ್ನು ಒಟ್ಟಿಗೇ ಹೇಳಬೇಕಾಗಿದೆ. ಯಾಕೆಂದರೆ ಕೇಕಿನ ಮೇಲಿನ ಕೆಂಪನ್ನು ಮೊದಲು ನೆಕ್ಕುವವರು ಮನೆಯ ಅತಿ ಚಿಕ್ಕ ಮಕ್ಕಳು.

ಕೆಂಪು ಯಾಕೆ ಗುಲಾಬಿಯಾಗುತ್ತದೆ?

ಐಸಿಂಗ್ ಬಿಳಿಯಾಗಿ ಕಾಣುವುದು ಅದರೊಳಗಿನ ಸಕ್ಕರೆಯ ಸಣ್ಣ ಹರಳು, ಕೊಬ್ಬಿನ ಹನಿ ಮತ್ತು ಗಾಳಿಯ ಗುಳ್ಳೆಗಳಿಂದ. ಅವು ತಮ್ಮ ಮೇಲೆ ಬಿದ್ದ ಬೆಳಕನ್ನೆಲ್ಲ ಹಿಂದಕ್ಕೆ ಚೆಲ್ಲುತ್ತವೆ. ಅಂಥ ಬಿಳಿಯೊಳಗೆ ಕೆಂಪು ಸೇರಿದರೆ ಆಗುವುದು ಗುಲಾಬಿ. ಗೋಡೆಗೆ ಹಚ್ಚುವ ಸುಣ್ಣಕ್ಕೆ ಕೆಂಪು ಕಲಸಿದರೆ ಏನಾಗುತ್ತದೋ ಇಲ್ಲಿಯೂ ಅದೇ. ಹೆಚ್ಚು ಕಡೆದಷ್ಟೂ ಹೆಚ್ಚು ಗಾಳಿ ಸೇರಿ ಬಣ್ಣ ಇನ್ನಷ್ಟು ಪೇಲವವಾಗುತ್ತದೆ. ಬೇಕರಿಗಳಲ್ಲಿ ಬಳಸುವ ವಿಪ್ ಕ್ರೀಮಿನಲ್ಲಿ ಗಾಳಿಯೇ ಹೆಚ್ಚು. ಅದರಲ್ಲಿ ಕಡು ಕೆಂಪು ಬರುವುದು ಬಹಳ ಕಷ್ಟ.

ಎರಡನೆಯ ಕಾರಣ, ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಕೆಂಪು ಬಣ್ಣಗಳು ನೀರಿನಲ್ಲಿ ಕರಗುವಂಥವು. ಬೆಣ್ಣೆಯ ಐಸಿಂಗಿನಲ್ಲಿ ನೀರು ಬಹಳ ಕಡಿಮೆ. ಬಣ್ಣ ಪೂರ್ತಿ ಕರಗದೆ ಚುಕ್ಕೆ ಚುಕ್ಕೆಯಾಗಿ ಉಳಿಯುತ್ತದೆ. ಕಲಸಿದ ಕೂಡಲೇ ಸಾಲದೆಂದು ತೋರಿದ ಬಣ್ಣ ಮರುದಿನ ಬೆಳಿಗ್ಗೆ ಗಾಢವಾಗಿರುವುದು ಇದೇ ಕಾರಣಕ್ಕೆ. ರಾತ್ರಿಯಿಡೀ ಅದು ನಿಧಾನವಾಗಿ ಕರಗಿ ಹರಡಿಕೊಂಡಿರುತ್ತದೆ.

ಅಳತೆಯ ಮಾತು

ಭಾರತದ ಆಹಾರ ನಿಯಮದಲ್ಲಿ ಅನುಮತಿ ಪಡೆದ ಕೃತಕ ಕೆಂಪು ಬಣ್ಣಗಳೆಂದು ಬಹುಕಾಲದಿಂದ ಇರುವವು ಮೂರು: ಪೊನ್ಸೋ 4ಆರ್, ಕಾರ್ಮೋಸಿನ್ ಮತ್ತು ಎರಿಥ್ರೋಸಿನ್. ಪೊಟ್ಟಣದ ಮೇಲೆ ಇವುಗಳ ಸಂಖ್ಯೆ ಕ್ರಮವಾಗಿ 124, 122 ಮತ್ತು 127. ಇವನ್ನು ಎಷ್ಟು ಬಳಸಬಹುದು? ತಿನ್ನಲು ಸಿದ್ಧವಾದ ಆಹಾರದ ಒಂದು ಕಿಲೋಗೆ ಸಾಮಾನ್ಯ ಮಿತಿ 100 ಮಿಲಿಗ್ರಾಂ. ಅಂದರೆ ಒಂದು ಗ್ರಾಮಿನ ಹತ್ತರಲ್ಲಿ ಒಂದು ಪಾಲು, ನಾಲ್ಕೈದು ಅಕ್ಕಿಕಾಳಿನಷ್ಟು ತೂಕ. ಆ ಅಳತೆಯಲ್ಲಿ ಬಿಳಿ ಐಸಿಂಗ್ ಚೆಂದದ ಗುಲಾಬಿಯಾಗುತ್ತದೆಯೇ ಹೊರತು ಕಡು ಕೆಂಪಾಗುವುದಿಲ್ಲ. ಇಡೀ ಕೇಕನ್ನು ರಕ್ತಗೆಂಪು ಐಸಿಂಗಿನಿಂದ ಮುಚ್ಚಿದ್ದಾರೆಂದರೆ ಬಣ್ಣ ಅಳತೆ ಮೀರಿರುವ ಸಂಭವವೇ ಹೆಚ್ಚು.

ಈ ಮಿತಿ ಯಾಕೆ ಬೇಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಎರಿಥ್ರೋಸಿನ್ ಬಣ್ಣವನ್ನು ಪ್ರತಿದಿನ ತಿಂದರೂ ತೊಂದರೆಯಿಲ್ಲವೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಹೇಳಿರುವ ಪ್ರಮಾಣ, ದೇಹದ ತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ. 15 ಕಿಲೋ ತೂಕದ ಮಗುವಿಗೆ ಅದು 1.5 ಮಿಲಿಗ್ರಾಂ. ಕಿಲೋಗೆ 100 ಮಿಲಿಗ್ರಾಂ ಬಣ್ಣವಿರುವ ಐಸಿಂಗನ್ನು 15 ಗ್ರಾಂ, ಅಂದರೆ ಸುಮಾರು ಒಂದು ದೊಡ್ಡ ಚಮಚ ತಿಂದರೆ ಮಗುವಿನ ಆ ದಿನದ ಪಾಲು ಮುಗಿಯಿತು. ಒಂದು ದಿನ ಹೆಚ್ಚು ತಿಂದ ಮಾತ್ರಕ್ಕೆ ಮಗುವಿಗೆ ಕಾಯಿಲೆ ಬರುತ್ತದೆಂದು ಇದರ ಅರ್ಥವಲ್ಲ. ಇದು ಜೀವಮಾನವಿಡೀ ದಿನವೂ ತಿನ್ನುವವರ ಲೆಕ್ಕ. ಆದರೆ ಇಂದು ಹುಟ್ಟುಹಬ್ಬ, ನಾಳೆ ಮದುವೆ, ನಡುವೆ ಬಣ್ಣದ ಮಿಠಾಯಿ, ಐಸ್‌ಕ್ಯಾಂಡಿ, ಜೆಲ್ಲಿ ಎಂದು ತಿನ್ನುವ ಮಕ್ಕಳ ವಿಷಯದಲ್ಲಿ ಈ ಲೆಕ್ಕ ನೆನಪಿರುವುದು ಒಳ್ಳೆಯದು.

ಲೋಕದಲ್ಲಿ ನಡೆದದ್ದು

ಕೆಂಪು ಬಣ್ಣಗಳ ಚರಿತ್ರೆಯೇ ಎಚ್ಚರಿಕೆ ಕಲಿಸುವಂತಿದೆ. ಒಂದು ಕಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿದ್ದ ಅಮರಾಂತ್ ಎಂಬ ಕೆಂಪನ್ನು ಅಮೆರಿಕ 1976ರಲ್ಲಿ ನಿಷೇಧಿಸಿತು. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಕೃತಕ ಬಣ್ಣಗಳನ್ನು ಸಂರಕ್ಷಕ ದ್ರವ್ಯದೊಂದಿಗೆ ಬೆರೆಸಿ ಕುಡಿಸಿದಾಗ ಮಕ್ಕಳ ಚಂಚಲತೆ ಸ್ವಲ್ಪ ಹೆಚ್ಚಿದ್ದು ಕಂಡುಬಂತು. ಅದರ ನಂತರ 2010ರ ಜುಲೈಯಿಂದ ಯುರೋಪಿನಲ್ಲಿ ಪೊನ್ಸೋ 4ಆರ್, ಕಾರ್ಮೋಸಿನ್ ಸೇರಿದಂತೆ ಆರು ಬಣ್ಣಗಳಿರುವ ತಿನಿಸುಗಳ ಮೇಲೆ ಎಚ್ಚರಿಕೆಯ ಬರಹ ಕಡ್ಡಾಯವಾಯಿತು. 2025ರ ಜನವರಿಯಲ್ಲಿ ಅಮೆರಿಕ ಎರಿಥ್ರೋಸಿನ್ ಬಣ್ಣಕ್ಕೆ ಆಹಾರದಲ್ಲಿದ್ದ ಅನುಮತಿಯನ್ನೂ ಹಿಂತೆಗೆದುಕೊಂಡಿತು.

ಹತ್ತಿರದ ಸಂಗತಿಗಳೂ ಇವೆ. 2024ರ ಫೆಬ್ರವರಿಯಲ್ಲಿ ತಮಿಳುನಾಡು ಬೊಂಬಾಯಿ ಮಿಠಾಯಿಯ ಮಾರಾಟವನ್ನೇ ನಿಷೇಧಿಸಿತು. ಅದರಲ್ಲಿ ರೋಡಮಿನ್ ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತ್ತು. ಮರುತಿಂಗಳು ಕರ್ನಾಟಕ ಸರಕಾರ ಬೊಂಬಾಯಿ ಮಿಠಾಯಿ ಹಾಗೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸಬಾರದೆಂದು ಆದೇಶಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಕುಗಳ ಸರದಿ. ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆಯವರು ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 223 ಸರಿಯಾಗಿದ್ದವು, 12ರಲ್ಲಿ ಕೃತಕ ಬಣ್ಣಗಳು ಅಪಾಯಕಾರಿ ಮಟ್ಟದಲ್ಲಿದ್ದವು. ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರನ್ನು ಇಲಾಖೆ ವಿಶೇಷವಾಗಿ ಎತ್ತಿ ಹೇಳಿತು. ತಲಪಾಡಿ ದಾಟಿ ಮಂಗಳೂರಿನಿಂದ ಕೇಕ್ ತರುವ ನಮಗೆ ಇದು ದೂರದ ಸುದ್ದಿಯಲ್ಲ. ಹಾಗೆಂದು ಬೇಕರಿಯವರೆಲ್ಲ ಕೆಟ್ಟವರೆಂದು ಹೇಳುವುದೂ ಸರಿಯಲ್ಲ. 235ರಲ್ಲಿ 223 ಸರಿಯಾಗಿದ್ದವು ಎಂಬುದನ್ನೂ ನೋಡಬೇಕು. ಇನ್ನೊಂದು ಮಾತು: "ಇನ್ನೂ ಸ್ವಲ್ಪ ಕೆಂಪಾಗಲಿ" ಎಂದು ಕೇಳುವವರು ಗಿರಾಕಿಗಳಾದ ನಾವೇ.

ಸರಕಾರ ಅನುಮತಿಸಿದ್ದು ಎಂದ ಮೇಲೆ ಮತ್ತೇನು ಚಿಂತೆ ಎಂದು ಕೆಲವರು ಕೇಳಬಹುದು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿಗೂ ಆಗ ಅನುಮತಿ ಇತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ನಿಲ್ಲಿಸುವ ಹೊತ್ತಿಗೆ ಎಷ್ಟು ಮನೆಗಳು ನೊಂದಿದ್ದವು ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕೀಟನಾಶಕವೂ ಕೇಕಿನ ಬಣ್ಣವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಅನುಮತಿ ಇದ್ದರೂ ಅಳತೆ ಬಿಡಬಾರದು ಎಂಬುದಷ್ಟೇ ನಮ್ಮ ಮಾತು.

ಕಡಿಮೆ ಬಣ್ಣದಲ್ಲಿ ಹೆಚ್ಚು ಕೆಂಪು

ಈಗ ಕೆಲಸಕ್ಕೆ ಬರೋಣ. ಮೊದಲ ನಿಯಮ: ಇಡೀ ಕೇಕನ್ನು ಕೆಂಪು ಮಾಡದೆ, ಒಂದು ಗುಲಾಬಿ ಹೂ, ಹೆಸರು, ಅಂಚು ಇಷ್ಟನ್ನೇ ಕೆಂಪು ಮಾಡಿ. ಸುತ್ತಲೂ ಬಿಳಿ ಇದ್ದಾಗ ಕೆಂಪು ಇನ್ನೂ ಗಾಢವಾಗಿ ಕಾಣುತ್ತದೆ. ಒಂದು ಕಿಲೋ ಕೇಕಿಗೆ 100 ಗ್ರಾಂ ಕೆಂಪು ಐಸಿಂಗ್ ಧಾರಾಳ ಸಾಕು.

ಬೇಕಾಗುವ ಸಾಮಗ್ರಿಗಳು: ಉಪ್ಪಿಲ್ಲದ ಬೆಣ್ಣೆ 40 ಗ್ರಾಂ, ಜರಡಿ ಹಿಡಿದ ಐಸಿಂಗ್ ಸಕ್ಕರೆ 60 ಗ್ರಾಂ, ಕೋಕೋ ಪುಡಿ 1 ಸಣ್ಣ ಚಮಚ, ಹಾಲು ಅರ್ಧ ಸಣ್ಣ ಚಮಚ, ಕೆಂಪು ಜೆಲ್ ಬಣ್ಣ ಸ್ವಲ್ಪ.

ವಿಧಾನ: ಬೆಣ್ಣೆಯನ್ನು ಮೆತ್ತಗಾಗುವ ತನಕ ಕಡೆದು ಸಕ್ಕರೆ, ಕೋಕೋ, ಹಾಲು ಸೇರಿಸಿ ನಯವಾಗಿ ಕಲಸಿ. ಇಲ್ಲಿ ಕೋಕೋದ ಕೆಲಸ ರುಚಿ ಮಾತ್ರವಲ್ಲ. ಅದು ಬಿಳಿಯನ್ನು ತಗ್ಗಿಸಿ ಕಂದು ಬಣ್ಣದ ತಳ ಕೊಡುತ್ತದೆ. ಕಂದು ತಳದ ಮೇಲೆ ಕೆಂಪು ಬೇಗ ಏರುತ್ತದೆ. ಬಿಳಿಯಿಂದ ಹೊರಟರೆ ಗುಲಾಬಿಯನ್ನು ದಾಟುವುದರಲ್ಲೇ ಅರ್ಧ ಬಣ್ಣ ಖರ್ಚಾಗುತ್ತದೆ. ನಮ್ಮ ಅಡಿಕೆ ತೋಟಗಳ ನಡುವೆ ಬೆಳೆಯುವ ಕೋಕೋ ಇದಕ್ಕೆ ಒದಗುತ್ತದೆ ಎಂಬುದು ಸಂತೋಷದ ವಿಷಯ. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆದ ಮೇಲೆ ಕೋಕೋ ಪುಡಿ ನಮ್ಮ ಊರಿನದೇ ಆಯಿತು.

ಈಗ ಈ ಐಸಿಂಗಿನಿಂದ ಒಂದು ದೊಡ್ಡ ಚಮಚದಷ್ಟನ್ನು ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿ. ಬಟ್ಟಲನ್ನು ಬಿಸಿನೀರಿನ ಮೇಲೆ ಹತ್ತು ಹದಿನೈದು ಸೆಕೆಂಡ್ ಹಿಡಿದರೆ ಐಸಿಂಗ್ ಸಡಿಲವಾಗುತ್ತದೆ. ಜೆಲ್ ಬಣ್ಣವನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಅದರಲ್ಲಿ ಚೆನ್ನಾಗಿ ಕರಗಿಸಿ. ಬಳಿಕ ಅದನ್ನು ಉಳಿದ ಐಸಿಂಗಿಗೆ ಸೇರಿಸಿ ಚಮಚದಿಂದ ನಿಧಾನವಾಗಿ ಕಲಸಿ, ಯಂತ್ರದಲ್ಲಿ ಕಡೆಯಬೇಡಿ. ಬೇಕಾದ ಕೆಂಪಿಗಿಂತ ಎರಡು ಮೆಟ್ಟಿಲು ಕಡಿಮೆ ಇರುವಾಗಲೇ ಕೈ ನಿಲ್ಲಿಸಿ. ಮುಚ್ಚಳ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಮರುದಿನ ಹೊರಗೆ ತೆಗೆದು ಮೆತ್ತಗಾದ ಮೇಲೆ ಒಮ್ಮೆ ಕಲಸಿ ನೋಡಿ. ಆ ಎರಡು ಮೆಟ್ಟಿಲನ್ನು ಬಣ್ಣ ತಾನೇ ಏರಿರುತ್ತದೆ. ಕೇಕ್ ಶನಿವಾರಕ್ಕೆ ಬೇಕಾದರೆ ಕೆಂಪು ಐಸಿಂಗನ್ನು ಶುಕ್ರವಾರವೇ ಕಲಸಬೇಕು.

ದ್ರವ ಬಣ್ಣ ಬೇಡ. ಅದರಲ್ಲಿ ಬಣ್ಣಕ್ಕಿಂತ ನೀರು ಹೆಚ್ಚು, ಐಸಿಂಗ್ ಒಡೆಯುತ್ತದೆ. ಮೊಟ್ಟೆಯ ಬಿಳಿಯಿಂದ ಮಾಡುವ ಗಟ್ಟಿ ಐಸಿಂಗಾದರೆ ಒಣಗಿದಂತೆ ಬಣ್ಣ ಇನ್ನೂ ಗಾಢವಾಗುತ್ತದೆ. ಅದಕ್ಕೆ ಲಿಂಬೆರಸ ಹಿಂಡುವ ಕ್ರಮವಿದ್ದರೆ ಬಣ್ಣದ ಪೊಟ್ಟಣವನ್ನು ಒಮ್ಮೆ ನೋಡಿ. 127 ಎಂದಿದ್ದರೆ ಅದು ಹುಳಿಯಲ್ಲಿ ಕರಗದೆ ಕೆಳಗೆ ಕೂರುತ್ತದೆ. 122 ಮತ್ತು 124 ಹುಳಿಯನ್ನು ತಡೆದುಕೊಳ್ಳುತ್ತವೆ.

ಪುನರ್ಪುಳಿಯ ಕೆಂಪು

ಇಡೀ ಕೇಕೇ ಕೆಂಪಾಗಿ ಹೊಳೆಯಬೇಕು ಎನ್ನುವವರಿಗೆ ಒಂದು ದಾರಿಯಿದೆ. ಕೆಂಪನ್ನು ಬಿಳಿಯೊಳಗೆ ಕಲಸದೆ, ಬಿಳಿಯ ಮೇಲೆ ಪಾರದರ್ಶಕವಾದ ಪದರವಾಗಿ ಹಾಕುವುದು. ಗಾಜಿನ ಲೋಟದಲ್ಲಿ ಪುನರ್ಪುಳಿ ಶರಬತ್ತು ಎಷ್ಟು ಕೆಂಪಾಗಿರುತ್ತದೆಂದು ನಮಗೆಲ್ಲ ಗೊತ್ತು. ಅದರಲ್ಲಿ ಬೆಳಕನ್ನು ಹಿಂದಕ್ಕೆ ಚೆಲ್ಲುವ ಬಿಳಿ ಇಲ್ಲ, ಆದ್ದರಿಂದ ಸ್ವಲ್ಪ ಬಣ್ಣವೂ ಗಾಢವಾಗಿಯೇ ಕಾಣುತ್ತದೆ.

ನಮ್ಮ ಕರಾವಳಿಯ ಕೇಕಿನ ಕಥೆ ಶುರುವಾದದ್ದೂ ಊರಿನ ವಸ್ತುವಿನಿಂದಲೇ. 1883ರಲ್ಲಿ ತಲಶೇರಿಯ ಮಾಂಬಳ್ಳಿ ಬಾಪು ಎಂಬ ಬೇಕರಿಯವರ ಬಳಿಗೆ ಅಂಜರಕಂಡಿಯ ತೋಟದ ಮರ್ಡಾಕ್ ಬ್ರೌನ್ ಎಂಬ ದೊರೆ ಇಂಗ್ಲೆಂಡಿನ ಒಂದು ಪ್ಲಮ್ ಕೇಕ್ ತಂದು, ಇಂಥದ್ದೇ ಮಾಡಿಕೊಡು ಎಂದನಂತೆ. ಅವನು ಹೇಳಿದ ವಿದೇಶಿ ಬ್ರಾಂದಿಗೆ ಬದಲು ಬಾಪು ಊರಿನ ಹಣ್ಣುಗಳಿಂದ ತೆಗೆದ ಮದ್ಯವನ್ನೇ ಹಾಕಿ ಮಾಡಿಕೊಟ್ಟರು. ಮೆಚ್ಚಿದ ದೊರೆ ಇನ್ನೂ ಒಂದು ಡಜನ್ ಕೇಕ್ ಮಾಡಿಸಿಕೊಂಡನೆಂದು ಹೇಳುತ್ತಾರೆ. ಭಾರತದಲ್ಲೇ ತಯಾರಾದ ಮೊದಲ ಕ್ರಿಸ್‌ಮಸ್ ಕೇಕ್ ಎಂದು ಅದನ್ನೇ ಹೆಸರಿಸುವ ವಾಡಿಕೆಯಿದೆ. ಬಾಪು ಊರಿನ ಹಣ್ಣನ್ನು ನಂಬಿದ ಹಾಗೆ ನಾವೂ ಪುನರ್ಪುಳಿಯನ್ನು ನಂಬಬಹುದು.

ಬೇಕಾಗುವ ಸಾಮಗ್ರಿಗಳು: ಉಪ್ಪು ಹಾಕದೆ ಒಣಗಿಸಿದ ಪುನರ್ಪುಳಿ ಸಿಪ್ಪೆ 25 ಗ್ರಾಂ, ಸಕ್ಕರೆ 75 ಗ್ರಾಂ, ಚೈನಾ ಗ್ರಾಸ್ 10 ಗ್ರಾಮಿನ ಪೊಟ್ಟಣದ ಕಾಲು ಭಾಗ, ನೀರು.

ವಿಧಾನ: ಸಿಪ್ಪೆಯನ್ನು ತೊಳೆದು 150 ಮಿಲಿಲೀಟರ್ ನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿ, ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಚೈನಾ ಗ್ರಾಸನ್ನು ಕತ್ತರಿಸಿ 75 ಮಿಲಿಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಅದೇ ನೀರಿನಲ್ಲಿ ಪೂರ್ತಿ ಕರಗುವ ತನಕ ಸಣ್ಣ ಉರಿಯಲ್ಲಿ ಕುದಿಸಿ ಸಕ್ಕರೆ ಹಾಕಿ. ಸಕ್ಕರೆ ಕರಗಿದ ಮೇಲೆ ಒಲೆ ಆರಿಸಿ, ಎರಡು ನಿಮಿಷ ಬಿಟ್ಟು, ಸ್ವಲ್ಪ ಬೆಚ್ಚಗೆ ಮಾಡಿದ ಪುನರ್ಪುಳಿ ರಸವನ್ನು ಸೇರಿಸಿ. ರಸವನ್ನು ಚೈನಾ ಗ್ರಾಸಿನೊಂದಿಗೆ ಕುದಿಸಬಾರದು. ಹುಳಿಯಲ್ಲಿ ಕುದಿದರೆ ಅದು ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ. ತಣ್ಣನೆಯ ರಸವನ್ನೂ ಹಾಕಬಾರದು, ಗಂಟು ಕಟ್ಟುತ್ತದೆ.

ಕೇಕಿನ ಮೇಲೆ ಬಿಳಿ ಐಸಿಂಗ್ ಸಮನಾಗಿ ಹಚ್ಚಿ, ಅಂಚಿಗೆ ಸಣ್ಣ ಕಟ್ಟೆಯಂತೆ ಐಸಿಂಗ್ ಇಟ್ಟು, ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಾಗಿಸಿ. ರಸ ಉಗುರುಬೆಚ್ಚಗಾಗಿ ಇನ್ನೇನು ಹೆಪ್ಪುಗಟ್ಟುತ್ತದೆ ಎನ್ನುವಾಗ ಚಮಚದಿಂದ ನಿಧಾನವಾಗಿ ಹರಡಿ. ಇಷ್ಟು ಅಳತೆ ಎಂಟು ಇಂಚಿನ ಕೇಕಿನ ಮೇಲ್ಭಾಗಕ್ಕೆ ಧಾರಾಳ. ಮಾಣಿಕ್ಯದಂತೆ ಹೊಳೆಯುವ ಪದರ ಕೂರುತ್ತದೆ. ಬಿಳಿ ಐಸಿಂಗಿನ ಸಿಹಿಗೆ ಇದರ ಹುಳಿ ಚೆನ್ನಾಗಿ ಹೊಂದುತ್ತದೆ. ಜೆಲಟಿನ್ ನಮ್ಮ ಸೆಕೆಯಲ್ಲಿ ಕರಗಿ ಹರಿದೀತು. ಚೈನಾ ಗ್ರಾಸ್ ಒಮ್ಮೆ ಹೆಪ್ಪುಗಟ್ಟಿದರೆ ಮಧ್ಯಾಹ್ನದ ಬಿಸಿಲಿಗೂ ಕರಗುವುದಿಲ್ಲ.

ಪುನರ್ಪುಳಿಯ ಕೆಂಪು ಉಳಿಯುವುದು ಹುಳಿ ಇರುವ ತನಕ. ಅಡುಗೆ ಸೋಡಾ ತಗಲಿದರೆ ನೀಲಿಗೆ ತಿರುಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಗಳನ್ನು ಬಿಟ್ಟು ಸ್ಟೀಲು ಅಥವಾ ಗಾಜಿನ ಪಾತ್ರೆ ಬಳಸಿ. ಎಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಆಗುವಾಗ ಒಂದು ಡಬ್ಬಿಯಷ್ಟು ಸಿಪ್ಪೆಯನ್ನು ಉಪ್ಪು ಹಾಕದೆ ಒಣಗಿಸಿಟ್ಟರೆ ಕ್ರಿಸ್‌ಮಸ್ ಕೇಕಿಗೆ ಬಣ್ಣ ಸಿದ್ಧ.

ಬೀಟ್‌ರೂಟಿನಿಂದ ಆಗದೇ ಎಂದು ಕೇಳುವವರಿದ್ದಾರೆ. ಆಗುತ್ತದೆ, ಆದರೆ ಅದು ಕೆಂಪಲ್ಲ, ನೇರಳೆ ಮಿಶ್ರಿತ ಗುಲಾಬಿ. ತೆಳುವಾಗಿ ಹೆಚ್ಚಿ, ಒಣಗಿಸಿ, ಪುಡಿಮಾಡಿ, ಬಟ್ಟೆಯಲ್ಲಿ ಜರಡಿ ಹಿಡಿದು ಬೆಣ್ಣೆ ಐಸಿಂಗಿಗೆ ಹಾಕಬಹುದು. ಬಿಸಿಗೂ ಬೆಳಕಿಗೂ ಆ ಬಣ್ಣ ಮಾಸುತ್ತದೆ, ಒಲೆಯೊಳಗೆ ಬೇಯಿಸಿದರೆ ಕಂದಾಗುತ್ತದೆ. ಕುಡಿಯುವ ನೀರಿಗೆ ಹಾಕುವ ಪತಿಮುಗಂ ಚಕ್ಕೆಯ ಬಣ್ಣ ಹುಳಿ ತಗಲಿದರೆ ಹಳದಿಯಾಗುತ್ತದೆ. ಐಸಿಂಗಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ನೆನಪಿಡಬೇಕಾದ ಕೆಲವು ವಿಷಯಗಳು

* ಬಿಡಿಯಾಗಿ ಕಾಗದದಲ್ಲಿ ಕಟ್ಟಿಕೊಡುವ ಬಣ್ಣ ಕೊಳ್ಳಬೇಡಿ. ಮುಚ್ಚಿದ ಡಬ್ಬಿ, ಬಣ್ಣದ ಹೆಸರು ಅಥವಾ ಸಂಖ್ಯೆ, ಎಫ್‌ಎಸ್‌ಎಸ್‌ಎಐ ಪರವಾನಿಗೆಯ 14 ಅಂಕಿ, ಅವಧಿ ಮುಗಿಯುವ ತಾರೀಕು ಇಷ್ಟನ್ನೂ ನೋಡಿ.
* ವಿದೇಶದಿಂದ ಬಂಧುಗಳು ತಂದುಕೊಟ್ಟ ಬಣ್ಣದ ಮೇಲೆ 120 ಎಂದಿದ್ದರೆ ಅದು ಒಂದು ಜಾತಿಯ ಕೀಟದಿಂದ ತೆಗೆದ ಬಣ್ಣ. ಸಸ್ಯಾಹಾರಿ ನೆರೆಯವರಿಗೆ ಕೇಕ್ ಹಂಚುವಾಗ ಇದು ಗೊತ್ತಿರಬೇಕು. ಕೆಲವರಿಗೆ ಇದರಿಂದ ಅಲರ್ಜಿಯೂ ಆಗುವುದುಂಟು.
* ಫ್ರಿಜ್ಜಿನಿಂದ ತೆಗೆದ ಕೇಕಿನ ಮೇಲೆ ನಮ್ಮ ಕರಾವಳಿಯ ಹವೆಯಲ್ಲಿ ಬೆವರಿನಂತೆ ನೀರು ಕೂರುತ್ತದೆ. ಆಗ ಕೆಂಪು ಇಳಿದು ಬಿಳಿಯನ್ನು ಕೆಡಿಸುತ್ತದೆ. ಪೆಟ್ಟಿಗೆಯ ಮುಚ್ಚಳ ತೆಗೆಯದೆ ಅರ್ಧ ಮುಕ್ಕಾಲು ಗಂಟೆ ಹೊರಗಿಟ್ಟು, ಚಳಿ ಬಿಟ್ಟ ಮೇಲೆ ತೆರೆಯಿರಿ.
* ಕೆಂಪು ಹೂಗಳನ್ನು ಆದಷ್ಟು ಕೊನೆಗೆ ಇಡಿ. ಕಿಟಕಿಯ ಬಿಸಿಲಿನಲ್ಲಿ ಕೇಕ್ ಇಡಬೇಡಿ.
* ಮನೆಯಲ್ಲಿ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು. ಬಳಸಿದ ಬಣ್ಣ ಯಾವುದೆಂದು ಗಿರಾಕಿ ಕೇಳಿದರೆ ಡಬ್ಬಿಯನ್ನೇ ತೋರಿಸಿ. ಅದರಿಂದ ನಂಬಿಕೆ ಬೆಳೆಯುತ್ತದೆ.

ಕೊನೆಗೆ ಕೇಕ್ ಕೊಳ್ಳುವವರಿಗೂ ಒಂದು ಮಾತು. ರೆಡ್ ವೆಲ್ವೆಟ್ ಕೇಕಿನ ಹಳೆಯ ರೂಪ ಇಂದಿನಷ್ಟು ಕೆಂಪಾಗಿರಲಿಲ್ಲ. ಕೋಕೋ, ಮಜ್ಜಿಗೆ, ವಿನೆಗರ್ ಸೇರಿದಾಗ ಬರುವ ನಸುಗೆಂಪು ಕಂದು ಅದರ ಬಣ್ಣವಾಗಿತ್ತು. ಅಮೆರಿಕದ ಟೆಕ್ಸಾಸಿನಲ್ಲಿ ಆಹಾರದ ಬಣ್ಣ ಮಾರುವ ಆ್ಯಡಮ್ಸ್ ಎಂಬ ಕಂಪೆನಿ, ಕೆಂಪು ಸೀಸೆ ಸುರಿದು ಮಾಡುವ ಪಾಕವಿಧಾನವನ್ನು ಊರೂರಿಗೆ ಹಂಚಿ ಆ ಕಡು ಕೆಂಪನ್ನು ಬಳಕೆಗೆ ತಂದಿತು. ಬಣ್ಣ ಮಾರುವವರಿಗಾಗಿ ಹುಟ್ಟಿದ ಆಸೆಯನ್ನು ನಮ್ಮ ಮಕ್ಕಳು ತೀರಿಸಬೇಕಾಗಿಲ್ಲ. ಮುಂದಿನ ಸಲ ಕೇಕಿಗೆ ಹೇಳುವಾಗ "ಬಣ್ಣ ಕಡಿಮೆ ಇರಲಿ, ಒಂದು ಕೆಂಪು ಹೂ ಸಾಕು" ಎಂದು ಹೇಳಿ ನೋಡಿ. ಮಾಡುವವರ ಕೈಗೂ ಹಗುರ, ತಿನ್ನುವ ಮಕ್ಕಳಿಗೂ ಹಿತ.